ಗಾಜಿನ ಚೌಕಟ್ಟಿನ ಈಟಿಮೊನೆ

ಡೆಲ್ಮರ್ ಚೌಕಟ್ಟಿನ ಹಿಂದಿನ ಕೊನೆಯ ಮೊಳೆ ಕಿತ್ತ. ಹೆಂಡತಿಯ ಸ್ವತ್ತು ಕದಿಯುತ್ತಿದ್ದ. ಅದೂ ಹಾಡಹಗಲಲ್ಲಿ, ತನ್ನದೇ ಪಿಕಪ್ಪಿನೊಳಗೆ, ಬೆಕ್ಕಿನ ಹಾಗೆ ಮುದುರಿ ಕೂತು.

ಹೊರಗೆ ಒಹಾಯೊ ರಾಜ್ಯದ ದಿಣ್ಣೆಯೊಂದರ ಮೇಲೆ ಚಕಮಕಿ ಕಲ್ಲು ಕೆತ್ತುವವರ ಕೂಟ ರಂಗೇರಿತ್ತು. ಟಾರ್ಪಾಲಿನಡಿ ಗಡ್ಡದವರ ಸಾಲು. ತೊಡೆಯ ಮೇಲೆ ಚರ್ಮದ ತುಂಡು, ಕೈಯಲ್ಲಿ ಕಲ್ಲಿಗೆ ಹೊಡೆಯಲು ಜಿಂಕೆ ಕೊಂಬು, ಬೆರಳಿಗೆಲ್ಲ ಬ್ಯಾಂಡೇಜು. ಟಕ್ ಟಕ್ ಅಂತ ಚಕ್ಕೆ ಹಾರುತ್ತಿತ್ತು. ಹಿಂದಿನ ಕಾಲದ ಬೇಟೆಗಾರರು ಈಟಿಮೊನೆ ಮಾಡಿದ ಹಾಗೆಯೇ ಇವರೂ ಮಾಡಬೇಕು, ಅಷ್ಟೇ ಇವರ ಹುಚ್ಚು.

ಡೆಲ್ಮರ್ ಈ ಕೂಟದ ಯಜಮಾನ. ಅವನ ಕಾನೂನು ಒಂದೇ. ನೀನು ಮಾಡಿದ ಮೊನೆಯ ಮೇಲೆ ನಿನ್ನ ಹೆಸರಿನ ಅಕ್ಷರ ಗೀಚು. ಇಲ್ಲದಿದ್ದರೆ ನಾಳೆ ಯಾವನೋ ಖದೀಮ ಅದನ್ನೇ ಹತ್ತು ಸಾವಿರ ವರ್ಷದ್ದು ಅಂತ ಯಾರದೋ ತಲೆಗೆ ಕಟ್ಟುತ್ತಾನೆ. ಗೀಚಲು ಮರೆತವನೊಬ್ಬನಿಗೆ ಬೆಳಿಗ್ಗೆಯಷ್ಟೇ ಮಂಗಳಾರತಿ ಆಗಿತ್ತು.

"ಹೆಸರು ಹಾಕೋಕೆ ನಾಚಿಕೆ ಆದ್ರೆ ಕಲ್ಲು ಯಾಕೋ ಮುಟ್ತೀಯ? ನನ್ನ ಕೈ ನೋಡು, ನಿದ್ದೆಗಣ್ಣಲ್ಲೂ ಗೀಚುತ್ತೆ!"

ಇಂಥ ಭಾಷಣ ಬಿಗಿದವನೇ ಒಂದು ಕಾಲಕ್ಕೆ ನಕಲಿ ಮೊನೆ ಹೂತಿದ್ದ.

ಆಗ ಅವನಿಗೆ ನೆಲ್ಡಾಳ ಹುಚ್ಚು. ನೆಲ್ಡಾಳಿಗೆ ಹಳೆಯ ಮೊನೆಗಳ ಹುಚ್ಚು. ಭಾನುವಾರ ಬಂತೆಂದರೆ ಅಪ್ಪನ ಜಮೀನಿನ ಹಳ್ಳದಲ್ಲಿ ಬಗ್ಗಿ ಹುಡುಕುತ್ತಿದ್ದಳು. ಅವಳ ತಮ್ಮ ರಾಸ್ಕೊ ಎಡವಿದಲ್ಲೆಲ್ಲ ಒಂದೊಂದು ಸಿಗುತ್ತಿತ್ತು, ಅವನು ಅದನ್ನು ಅವಳ ಮೂಗಿನ ಮುಂದೆ ಹಿಡಿದು ಕುಣಿಯುತ್ತಿದ್ದ. ಅವಳಿಗೆ ಸಿಕ್ಕಿದ್ದು ಬರೀ ಕೆಸರು. ಡೆಲ್ಮರ್‌ಗೆ ತಡೆಯಲಾಗಲಿಲ್ಲ. ಹಗಲು ರಾತ್ರಿ ಕೂತು ಒಂದು ಮೊನೆ ಕೆತ್ತಿದ. ಕಪ್ಪು ಬೂದು ಬಣ್ಣ, ಬೆರಳುದ್ದ. ಮಣ್ಣು ತಿಕ್ಕಿ ಹಳೆಯದು ಮಾಡಿ ಹಳ್ಳದ ದಂಡೆಯಲ್ಲಿ ಹೂತ. ಆಮೇಲೆ ಎದುರು ದಡದಲ್ಲಿ ಗಾಳ ಹಾಕಿಕೊಂಡು, ಏನೂ ಅರಿಯದವನ ಹಾಗೆ ನಿಂತ.

ಅವಳು ಎತ್ತಿಕೊಂಡಳು. ನೀರಲ್ಲಿ ತೊಳೆದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಿದ್ದು ಬಿದ್ದು ನಕ್ಕಳು, ನಗುತ್ತಲೇ ಹೋಗಿ ಹಳ್ಳದೊಳಗೆ ಕೂತುಬಿಟ್ಟಳು. ಎಂಥ ಸಂತೋಷವಪ್ಪಾ ಅಂದುಕೊಂಡ ಡೆಲ್ಮರ್. ಸಂಜೆ ಮದುವೆ ಮಾತೆತ್ತಿದರೆ ಅವನ ವಾಕ್ಯ ಮುಗಿಯುವ ಮೊದಲೇ ಹೂಂ ಅಂದಳು.

ಮೊನೆಯನ್ನು ಅವಳೇ ಮಖಮಲ್ಲಿನ ಮೇಲೆ ಅಂಟಿಸಿ, ಗಾಜು ಹಾಕಿಸಿ, ಗೋಡೆಗೆ ನೇತುಹಾಕಿದಳು. ಮೂವತ್ತು ವರ್ಷದಿಂದ ಅದನ್ನು ಯಾರಿಗೂ ಮುಟ್ಟಲು ಬಿಟ್ಟವಳಲ್ಲ. "ಕಣ್ಣಲ್ಲಿ ನೋಡಿ, ಕೈ ಹಾಕಬೇಡಿ." ಪ್ರತಿಸಲ ಆ ಮಾತು ಕೇಳಿದಾಗಲೂ ಡೆಲ್ಮರ್ ಕಿಟಕಿಯಾಚೆ ನೋಡುತ್ತಿದ್ದ. ಅವಳ ಜೀವನದ ಒಂದೇ ಅದೃಷ್ಟ ನಾನು ಹೂತಿಟ್ಟದ್ದು ಅಂತ ಯಾವ ಬಾಯಲ್ಲಿ ಹೇಳುವುದು?

ಕಡೆಗೆ ಹೋದ ವರ್ಷ ಮೀನು ಹಿಡಿಯುವ ದೋಣಿ ಕೊಟ್ಟು, ಕೆಂಟಕಿಯವನೊಬ್ಬನಿಂದ ಅದೇ ಬಣ್ಣದ, ಅದೇ ಉದ್ದದ ಅಸಲಿ ಮೊನೆ ತಂದಿದ್ದ. ದೋಣಿ ರಿಪೇರಿಗೆ ಹೋಗಿದೆ ಅಂತ ಮನೆಯಲ್ಲಿ ಹೇಳಿದ್ದ. ಬದಲಿಸುವ ಧೈರ್ಯ ಬಾರದೆ ಅಸಲಿ ಮೊನೆ ಪಿಕಪ್ಪಿನ ಸೀಟಿನಡಿಯಲ್ಲೇ ಕೊಳೆಯುತ್ತಿತ್ತು.

ಇವತ್ತು ರಾಸ್ಕೊ ಹಲ್ಲು ಕಿರಿಯುತ್ತ ಬಂದ. ಕಂಕುಳಲ್ಲಿ ಚೌಕಟ್ಟು.

"ಭಾವ, ಮ್ಯೂಸಿಯಮ್ಮಿನ ಡಾಕ್ಟರ್ ವಿಟ್‌ಲಾಕ್ ಬಂದಿದಾರೆ. ಅಕ್ಕನ ಕಲ್ಲು ಪರೀಕ್ಷೆ ಆಗೇಬಿಡ್ಲಿ ಅಂತ ಗೋಡೆಯಿಂದ ಇಳಿಸಿಕೊಂಡು ಬಂದೆ. ಅವಳಿಗೆ ಹೇಳಿಲ್ಲ, ಹೇಳಿದ್ರೆ ಕೊಡ್ತಾಳಾ ಆ ರಾಕ್ಷಸಿ?"

"ಕೊಡಿಲ್ಲಿ, ಗಾಜು ಒರೆಸಿ ತರ್ತೀನಿ," ಅಂದಿದ್ದ ಡೆಲ್ಮರ್.

ಈಗ ಚಾಕು ತೂರಿಸಿ ಮೊನೆ ಎಬ್ಬಿಸಿದ. ಅಂಟಿನ ಗಡ್ಡೆ, ಮಖಮಲ್ಲಿನ ಚೂರು ಸಮೇತ ಕಿತ್ತು ಬಂತು. ನೋಡಲು ಪುರುಸೊತ್ತೆಲ್ಲಿ? ಚಡ್ಡಿಯ ಹಿಂದಿನ ಜೇಬಿಗೆ ತುರುಕಿದ. ಅಸಲಿಯನ್ನು ಅಂಟಿಸಿದ. ಮೊಳೆ ಒತ್ತಿದ.

ವಿಟ್‌ಲಾಕ್ ಭೂತಗನ್ನಡಿ ಹಿಡಿದು ಚೌಕಟ್ಟು ಬಿಚ್ಚುವಷ್ಟರಲ್ಲಿ ನೆಲ್ಡಾ ಹಣ್ಣಿನ ಪೈ ತಿಂಡಿ ಹಂಚುವ ಮೇಜು ಬಿಟ್ಟು ಓಡಿ ಬಂದಳು. ಕೈತುಂಬ ಹಿಟ್ಟು.

"ಯಾವನೋ ಅದನ್ನ ಗೋಡೆಯಿಂದ ತೆಗ್ದೋನು? ಡಾಕ್ಟ್ರೇ, ಬಿಚ್ಚಬೇಡಿ! ದಮ್ಮಯ್ಯ!"

"ನೋಡ್ಲಿ ಬಿಡೇ," ಅಂದ ಡೆಲ್ಮರ್, ಮೂವತ್ತು ವರ್ಷದಲ್ಲಿ ಮೊದಲ ಸಲ ಎದೆಯುಬ್ಬಿಸಿ.

ಅವಳು ಅವನ ತೋಳು ಹಿಂಡಿದಳು. "ಬಾಯ್ಮುಚ್ಕೊಂಡಿರು. ನಿಂಗೇನೂ ಗೊತ್ತಿಲ್ಲ."

ವಿಟ್‌ಲಾಕ್ ಮೊನೆಯನ್ನು ಎಬ್ಬಿಸಿ ಕೈಗೆತ್ತಿಕೊಂಡ. ನೆಲ್ಡಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಟಕ್ ಟಕ್ ಸದ್ದು ನಿಂತಿತು. ಡಾಕ್ಟರ್ ಮೇಲೆ ನೋಡಿದ, ಕೆಳಗೆ ನೋಡಿದ, ಅಂಚಿನುದ್ದಕ್ಕೂ ನೋಡಿದ.

"ಅಸಲಿ. ಹತ್ತು ಸಾವಿರ ವರ್ಷಕ್ಕೆ ಕಡಿಮೆ ಇಲ್ಲ. ಅದ್ಭುತವಾಗಿದೆ, ಅಮ್ಮಾ."

ಚಪ್ಪಾಳೆ. ರಾಸ್ಕೊನ ಸಿಳ್ಳೆ. ಡೆಲ್ಮರ್ ನಿರಾಳವಾಗಿ ಕುರ್ಚಿಯಲ್ಲಿ ಕುಸಿದ. ಜೇಬಿನ ಮೊನೆ ಚುಚ್ಚಿತು, ಅಯ್ಯಯ್ಯೋ ಅಂತ ಹಾರಿ ನಿಂತ.

ನೆಲ್ಡಾ ಏಪ್ರನ್ ಇಳಿಸಿದಳು. ಮೊನೆ ಕಸಿದುಕೊಂಡಳು. ಬೆನ್ನು ತಿರುಗಿಸಿ, ಹೆಬ್ಬೆರಳಲ್ಲಿ ಉಜ್ಜಿದಳು. ಮತ್ತೆ ಉಜ್ಜಿದಳು. ಅವಳ ಮುಖ ಕೆಂಪೇರಿತು.

"ಕಳ್ಳತನ!" ಕಿರುಚಿದಳು. "ಯಾವನೋ ಬೇವರ್ಸಿ ನನ್ನ ಕಲ್ಲು ಕದ್ದಿದಾನೆ!"

"ಅಕ್ಕಾ, ಅಸಲಿ ಅಂತ ಡಾಕ್ಟ್ರೇ ಹೇಳಿದ್ರಲ್ಲೇ!"

"ಅದಕ್ಕೇ ಕಣೋ ಕಿರುಚ್ತಿರೋದು! ನನ್ನ ಕಲ್ಲಿನ ಬೆನ್ನ ಮೇಲೆ ನನ್ನ ಗಂಡ ತನ್ನ ಹೆಸರು ಗೀಚಿದ್ದ!"