ಚಪ್ಪಡಿ ಹಿಡಿದ ಸಂಜೆ

ಸಂಜೆಯಾದರೆ ಸಾಕು, ತಿಮ್ಮರಾಯಪ್ಪ ಇಸ್ಪೀಟಿಗೆ ಓಡುತ್ತಿದ್ದ. ಅದಕ್ಕೇ ಹೆಂಡತಿ ರಂಗಮ್ಮ ಅವನೊಂದಿಗೆ ಮಾತು ಬಿಟ್ಟಿದ್ದಳು. ಅವಳನ್ನು ಒಲಿಸಿಕೊಳ್ಳಲೆಂದು ಇವತ್ತು ಗ್ರಾನೈಟ್ ಚಪ್ಪಡಿ ತಂದು, ತಾನೇ ತುಳಸಿಕಟ್ಟೆ ಮಾಡಲು ಕೂತ.

"ಡಬ್ಬಿ ಅಂಟಿಗೆ ಆ ಪುಟ್ಟ ಟ್ಯೂಬು ಹಿಂಡಿ ಕಲಸಿದ್ಯೇನೇ? ಇಲ್ದಿದ್ರೆ ಎಷ್ಟು ಹೊತ್ತು ಹಿಡಿದ್ರೂ ಅಂಟಲ್ಲ."

ಅವಳು ಹೌದೆಂಬಂತೆ ತಲೆಯಾಡಿಸಿದಳು.

ಅಂಟು ಸವರಿ, ಎರಡು ಚಪ್ಪಡಿಗಳ ಅಂಚು ಕೂಡಿಸಿ, ಆಚೆ ಅವಳು, ಈಚೆ ಅವನು ಒತ್ತಿ ಹಿಡಿದರು. ಬೀದಿಯಿಂದ ಗೆಳೆಯರು ಆಟಕ್ಕೆ ಕರೆದರು.

"ಕೈ ಬಿಡೋ ಹಂಗಿಲ್ಲ ಕಣ್ರಯ್ಯಾ, ನೀವು ನಡೀರಿ!"

ಅಷ್ಟರಲ್ಲಿ ಅವನ ಮೂಗಿನ ಮೇಲೊಂದು ನೊಣ ಕೂತಿತು. "ಲೇ, ಊದೇ!" ಅವಳು ಊದಿದಳು. ನೊಣ ಹಾರಿ ಅವಳ ಮೂಗಿನ ಮೇಲೇ ಕೂತಿತು. ಅವನು ಊದಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಲ್ಲಿಂದ ಶುರುವಾದ ಮಾತು ಮದುವೆಮನೆಯ ಜಿಲೇಬಿಯವರೆಗೂ ಹೋಯಿತು.

ಕತ್ತಲಾದ ಮೇಲೆ ಕೈ ಬಿಟ್ಟರೆ ಚಪ್ಪಡಿಗಳು ಅತ್ತೊಂದು ಇತ್ತೊಂದು ವಾಲಿದವು.

"ಅಂಗಡಿಯವನು ಟೋಪಿ ಹಾಕ್ಬಿಟ್ಟ ಕಣೇ!"

"ಹೋಗ್ಲಿ ಬಿಡ್ರೀ, ನಾಳೆ ಸಂಜೆ ಮತ್ತೆ ಹಿಡಿಯೋಣ," ಎನ್ನುತ್ತಾ ರಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಸೆರಗಿನ ಗಂಟಿನಿಂದ ಮುಚ್ಚಳವನ್ನೇ ತೆರೆಯದ ಆ ಪುಟ್ಟ ಟ್ಯೂಬು ಇಣುಕುತ್ತಿದ್ದುದನ್ನು ಕಂಡ ತಿಮ್ಮರಾಯಪ್ಪ, "ನಾಳೆ ಒಂಚೂರು ಬೇಗನೇ ಕೂರೋಣ," ಎಂದ.