ನೊಣದ ಮಾಸ್ಕ್

ಬಸ್ಸಿಳಿದು ಸೀದಾ ಲಾಯಕ್ಕೆ ಬಂದವನು ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ ಗೋಧಿಯ ಮುಂದೆ ನಿಂತುಬಿಟ್ಟ. ಗೋಧಿಬಣ್ಣದ ಆ ಮುದಿ ಹೆಣ್ಣುಕುದುರೆಯ ಮುಖದ ಮೇಲೆ ಕಣ್ಣಿಗೆ ನೊಣ ಕೂರದಂತೆ ಕಟ್ಟುವ ಜಾಲರಿ, ನೊಣದ ಮಾಸ್ಕ್, ಹಾಗೇ ಇತ್ತು. ಅಕ್ಕನ ಮಣ್ಣಿಗೆಂದು ಹೊರಟ ಬೆಳಿಗ್ಗೆ ತಾನೇ ಕಟ್ಟಿದ್ದು; ಗಲ್ಲದ ಕೆಳಗೆ ಅಂಟುಪಟ್ಟಿಯ ತುದಿಯನ್ನು ಮಡಚಿ ಸಿಕ್ಕಿಸಿದ್ದ ರೀತಿಯೂ ತನ್ನದೇ. ಅಂದರೆ ಮೂರು ದಿನದಿಂದ ಯಾರೂ ಅದನ್ನು ಬಿಚ್ಚಿಲ್ಲ.

ಚೀಲ ಕೆಳಗಿಟ್ಟು ಬಿಚ್ಚಿದ. ಜಾಲರಿಯ ಒಳಮೈಗೆ ಹುಲ್ಲಿನ ಮುಳ್ಳುತೆನೆಯೊಂದು ಚುಚ್ಚಿಕೊಂಡಿತ್ತು. ಎಡಗಣ್ಣು ಊದಿ ಮುಚ್ಚಿಹೋಗಿ, ಕೀವು ಕೆನ್ನೆಯವರೆಗೂ ಇಳಿದು ಒಣಗಿತ್ತು. ಕುದುರೆ ಹಣೆಯನ್ನು ಅವನ ಎದೆಗೆ ಒತ್ತಿಕೊಂಡು ನಿಂತಿತು.

"ಇನ್ನೊಂದು ದಿನ ತಡವಾಗಿದ್ರೆ ಕಣ್ಣು ಹೋಗ್ತಿತ್ತು," ಎಂದರು ಅವನ ಫೋನಿಗೆ ಓಡಿಬಂದ ಡಾಕ್ಟರಮ್ಮ. "ಮಾಸ್ಕ್ ಹಾಕೋದು ತಪ್ಪಲ್ಲ. ಆದ್ರೆ ದಿನಾ ಸಂಜೆ ಬಿಚ್ಚಿ, ಕಣ್ಣು ನೋಡಿ, ಜಾಲರಿ ಒದರಿ..."

"ಗೊತ್ತು ಮೇಡಂ. ಹನ್ನೊಂದು ವರ್ಷದಿಂದ ಮಾಡ್ತಿದೀನಿ. ಇವನಿಗೂ ಬಿಡಿಸಿ ಹೇಳಿ ಹೋಗಿದ್ದೆ." ಬಾಗಿಲಾಚೆ ನಿಂತಿದ್ದ ಹುಲ್ಲಿನ ಗಾಡಿಯ ದಪ್ಪಣ್ಣನ ಕಡೆ ತಿರುಗಿದ. "ಎರಡು ಪಟ್ಟಿ ಎಳೆದ್ರೆ ಮುಗೀತು. ಅಷ್ಟೂ ಆಗ್ಲಿಲ್ವೇನೋ ನಿನ್ನ ಕೈಲಿ?"

ದಪ್ಪಣ್ಣ ಅಂಗಿಯ ತೋಳು ಮೇಲೆ ಸರಿಸಿದ. ಹಲ್ಲಿನ ಗುರುತು ಎರಡು ಸಾಲಾಗಿ ನೀಲಿಗಟ್ಟಿತ್ತು. "ಇದು ಮೊದಲನೇ ಸಂಜೆ. ಎರಡನೇ ದಿನ ಗೋಡೆಗೆ ಒತ್ತಿ ಹಿಡಿದ್ಳು. ಆಮೇಲೆ ನಾನು ಒಳಗೇ ಹೋಗ್ಲಿಲ್ಲ, ಬಕೆಟ್ಟು ಹೊರಗಿಂದ ತಳ್ಳಿದೆ. ಫೋನ್ ಮಾಡೋಣ ಅಂದ್ರೆ, ಅಕ್ಕನ್ನ ಕಳ್ಕೊಂಡು ಕೂತಿರೋನಿಗೆ ಇದನ್ನ ಹೇಗೆ ಹೇಳ್ಲಿ? ನಿನ್ನೊಬ್ಬನ್ನ ಬಿಟ್ಟು ಅವಳು ಯಾರಿಗೆ ಮುಖ ಕೊಡ್ತಾಳೆ, ನೀನೇ ಹೇಳು."

ಇಷ್ಟು ವರ್ಷ ಬಂದವರಿಗೆಲ್ಲ ಅವನೇ ಎದೆಯುಬ್ಬಿಸಿ ಹೇಳಿಕೊಂಡಿದ್ದ ಮಾತು ಅದು. ಉಳಿದ ಕುದುರೆಗಳೆಲ್ಲ ಒಂದೊಂದಾಗಿ ಬೇರೆಡೆಗೆ ಹೋದ ಮೇಲೆ ಲಾಯದಲ್ಲಿ ಉಳಿದದ್ದು ಅವರಿಬ್ಬರೇ. ಗೋಧಿಯ ಮೂಗು ಸವರಲು ಯಾರಾದರೂ ಕೈ ಚಾಚಿದರೆ "ಬೇಡ, ಕಚ್ತಾಳೆ" ಎಂದು ತಡೆಯುತ್ತಿದ್ದವನೂ ಅವನೇ. ಆಗೆಲ್ಲ ಒಳಗೊಳಗೇ ಎಷ್ಟು ಹಿತವಾಗುತ್ತಿತ್ತು!

"ದಿನಕ್ಕೆ ನಾಲ್ಕು ಸಲ ಔಷಧಿ ಹನಿ ಹಾಕ್ಬೇಕು," ಡಾಕ್ಟರಮ್ಮ ಪೆಟ್ಟಿಗೆ ಮುಚ್ಚುತ್ತ ಕೇಳಿದರು. "ನಾಳೆ ನೀನೇ ಹಾಸಿಗೆ ಹಿಡಿದ್ರೆ ಯಾರು ನೋಡ್ಕೋತಾರೆ?"

ಅವನು ಗೋಧಿಯ ಹಣೆ ಸವರಿದ. ಪ್ರತಿ ಭಾನುವಾರದ ಫೋನಿನಲ್ಲಿ ಅಕ್ಕನೂ ಇದನ್ನೇ ಕೇಳುತ್ತಿದ್ದಳು. ಅವಳು ಕೇಳುತ್ತಿದ್ದುದು ಕುದುರೆಯ ಬಗ್ಗೆ ಅಲ್ಲ, ಅವನ ಬಗ್ಗೆ.

ಮರುದಿನದಿಂದ ಮಾಸ್ಕ್ ಕಟ್ಟುವಾಗ, ಬಿಚ್ಚುವಾಗ, ಹನಿ ಹಾಕುವಾಗಲೆಲ್ಲ ದಪ್ಪಣ್ಣನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡ. ಮೊದಮೊದಲು ತನ್ನ ಕೈಯ ಮೇಲೆ ಅವನ ಕೈ. ಆಮೇಲೆ ಅವನ ಕೈ ಕೆನ್ನೆಗೆ, ತನ್ನದು ಬರೀ ಹಗ್ಗಕ್ಕೆ. ಕುದುರೆ ಕಿವಿ ಹಿಂದಕ್ಕೆ ಒತ್ತಿತು, ಕಾಲು ಬಡಿಯಿತು, ಮತ್ತೊಮ್ಮೆ ಕಚ್ಚಿತು. ಕಣ್ಣು ಮಾತ್ರ ದಿನದಿಂದ ದಿನಕ್ಕೆ ತಿಳಿಯಾಯಿತು. ಹನ್ನೆರಡನೆಯ ಸಂಜೆ ಅವನು ಹಗ್ಗವನ್ನೂ ದಪ್ಪಣ್ಣನ ಕೈಗಿಟ್ಟ.

"ಇವತ್ತು ನೀನೊಬ್ಬನೇ ಬಿಚ್ಚು. ನಾನಿದ್ರೆ ಅವಳು ನನ್ನನ್ನೇ ನೋಡ್ತಿರ್ತಾಳೆ."

ಹೊರಗೆ ಹೋಗಿ ಗೋಡೆಗೊರಗಿ ನಿಂತ. ಒಳಗೆ ಗೊರಸು ನೆಲ ಕೆರೆದ ಸದ್ದು. "ಬಾರಮ್ಮ, ಏನಿಲ್ಲ, ಬಾ," ಎಂದು ದಪ್ಪಣ್ಣನ ಮೆತ್ತಗಿನ ದನಿ. ಗೊರಸಿನ ಸದ್ದು ನಿಂತಿತು. ಆಮೇಲೆ ಪಟ್ಟಿ ಪರ್ರನೆ ಬಿಚ್ಚಿಕೊಂಡಿತು.

"ತಲೆ ಬಗ್ಗಿಸಿದ್ಳು ಕಣೋ! ತಾನಾಗೇ ಬಗ್ಗಿಸಿದ್ಳು!"

ಗೋಡೆಯಾಚೆ ಅವನು "ಹೂಂ" ಎಂದ. ಸಂಜೆಯ ಈ ಹೊತ್ತಿನಲ್ಲಿ ಎಂದೂ ಖಾಲಿಯಿರದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಕಟ್ಟಿಕೊಂಡ, ಒಮ್ಮೆ ಬಿಚ್ಚಿದ, ಕೊನೆಗೆ ಜೇಬಿಗೆ ಇಳಿಸಿಕೊಂಡ.