ಕಡಲೆಕಾಯಿ ಬೋಗುಣಿ

ಗೆಳೆಯ ಆರ್ವಿಲ್ ಇಸ್ಪೀಟಿನ ಪೋಕರ್ ಆಡುವಾಗ ಯಾವಾಗ ಸುಳ್ಳು ಪಂದ್ಯ ಕಟ್ಟುತ್ತಾನೆ ಎಂದು ಪತ್ತೆಹಚ್ಚುವ ಗುರುತನ್ನು ಟೊಯ್ವೊ, ಮೇಸ್ತ್ರಿಯಾದ ಹ್ಯಾಸ್ಕೆಲ್‌ಗೆ ಹೇಳಿಕೊಟ್ಟ. ಅದಕ್ಕೆ ಪ್ರತಿಯಾಗಿ, ಸೋಮವಾರದಿಂದ ಟೊಯ್ವೊ ಇಳಿಜಾರು ಹತ್ತಿ ಮರ ಕಡಿಯಬೇಕಾಗಿರಲಿಲ್ಲ. ದಿಮ್ಮಿ ಬಡಿದು ಊದಿದ್ದ ಮೊಣಕಾಲನ್ನು ಚಾಚಿಕೊಂಡು ಕೆಳಗೆ ಕೂತೇ ಮಾಡುವ ಕೆಲಸ ಸಿಕ್ಕಿತ್ತು.

ಶನಿವಾರ ಮಧ್ಯಾಹ್ನ ಬಟವಾಡೆ ಮುಗಿದ ಮೇಲೆ ಎಂದಿನಂತೆ ಊಟದ ಶೆಡ್ಡಿನಲ್ಲಿ ಆಟ ಕೂತಿತು. ವಾರವಿಡೀ ಹ್ಯಾಸ್ಕೆಲ್ ತೋರಿಸಿದ ಮರವನ್ನು ಅವನು ತೋರಿಸಿದ ಕಡೆಗೇ ಉರುಳಿಸುವ ಆ ಒರೆಗಾನ್ ಕಾಡಿನ ಕೂಲಿಗಳಿಗೆ ಆ ಮೇಜೆಂದರೆ ಪ್ರಾಣ. ಅಲ್ಲಿ ಮೇಸ್ತ್ರಿಗೂ ಐದೇ ಎಲೆ, ಕೂಲಿಗೂ ಐದೇ ಎಲೆ. ಅಲ್ಲಿ ಅವನನ್ನು 'ಲೇ ಹ್ಯಾಸ್ಕೆಲ್' ಅನ್ನಬಹುದಿತ್ತು. ಕೈಯಲ್ಲಿ ಏನೂ ಇಲ್ಲದವನು ಮುಖ ಗಟ್ಟಿ ಮಾಡಿಕೊಂಡು ಪಂದ್ಯ ಏರಿಸಿದರೆ, ಒಳ್ಳೆಯ ಎಲೆ ಹಿಡಿದವನೂ ಹೆದರಿ ಎಸೆದುಬಿಡುತ್ತಿದ್ದ. ಹೋದ ವರ್ಷ ಆರ್ವಿಲ್ ಬರೀ ಚಿಲ್ಲರೆ ಎಲೆಗಳಲ್ಲಿ ಹ್ಯಾಸ್ಕೆಲ್‌ನನ್ನು ಹಾಗೆ ಹೆದರಿಸಿ ಗೆದ್ದಿದ್ದ. ಕಾಡಿನಲ್ಲಿ ವಾರವೆಲ್ಲ ಅದೇ ನಗು. ಆ ಒಂದು ನಗುವಿಗಾಗಿ ಎಷ್ಟು ಮನೆಗಳ ಸಂಬಳ ಮೇಜು ದಾಟಿ ಆಚೆ ಹೋಯಿತೆಂದು ಯಾರೂ ಕೇಳಿಕೊಳ್ಳಲಿಲ್ಲ. ಸೋತ ಹ್ಯಾಸ್ಕೆಲ್ ಜೇಬಿಗೆ ಕೈಹಾಕಿ ಇನ್ನೊಂದಾಟ ಆಡುತ್ತಿದ್ದ. ಸೋತ ಕೂಲಿ ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಮನೆಗೆ ನಡೆಯುತ್ತಿದ್ದ. ಐದೈದು ಎಲೆಗಳ ಸಮಾನತೆ ಅಷ್ಟೇ.

ಅವತ್ತು ಉಳಿದವರೆಲ್ಲ ಆಟ ಬಿಟ್ಟು ಎಲೆ ಮಗುಚಿಟ್ಟರು. ಟೊಯ್ವೊ ಮೊದಲೇ ಮಗುಚಿದ್ದ. ಆರ್ವಿಲ್ ತನ್ನ ಸಂಬಳವನ್ನೆಲ್ಲ ನಡುವಿಗೆ ತಳ್ಳಿದ್ದ. ಹ್ಯಾಸ್ಕೆಲ್ ಅದರ ಮೇಲೂ ಏರಿಸಿದ.

"ದುಡ್ಡು ಮುಗೀತೇನೋ? ಎದ್ದೇಳು ಹಾಗಾದ್ರೆ."

ಆರ್ವಿಲ್ ಬೆಂಚಿನ ಅಡಿಯಿಂದ ತನ್ನ ಮಿಷನ್ ಗರಗಸವನ್ನು ಎತ್ತಿ ಮೇಜಿನ ಮೇಲಿಟ್ಟ. ಅದರ ಹಿಡಿಗೆ ಅವನ ಹೆಂಡತಿ ಹಳೆಯ ಬೆಲ್ಟಿನ ಚರ್ಮ ಸುತ್ತಿ ಹೊಲಿದಿದ್ದಳು. ಆ ಕಾಡಿನಲ್ಲಿ ಸ್ವಂತ ಗರಗಸ ಇಲ್ಲದವನಿಗೆ ಕೆಲಸವಿರಲಿಲ್ಲ. "ಇದನ್ನೂ ಸೇರಿಸ್ಕೋ," ಅಂದ. ಆಮೇಲೆ ಮಗ್ಗುಲಲ್ಲಿದ್ದ ಕಡಲೆಕಾಯಿ ಬೋಗುಣಿಯನ್ನು ಎಲ್ಲರ ಕಡೆಗೂ ಸರಿಸಿದ. "ತಗೊಳ್ರೋ, ತಿನ್ರೋ! ಯಾಕೆ ಹೆಣ ಕಾಯೋರ ಥರ ಕೂತಿದೀರಿ?"

ವರ್ಷಗಳಿಂದ ಟೊಯ್ವೊ ನೋಡಿದ್ದ ಗುರುತು ಅದೇ. ಆರ್ವಿಲ್‌ಗೆ ಸುಮ್ಮನೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸುಳ್ಳು ಹೇಳಿದ ನಾಚಿಕೆಗೆ ಯಾರ ಕೈಗಾದರೂ ಏನಾದರೂ ತಿನ್ನಲು ಕೊಡಬೇಕಾಗುತ್ತಿತ್ತು. ಹೋದರೆ ಒಂದು ವಾರದ ಕೂಲಿ ಹೋದೀತು ಎಂದುಕೊಂಡಿದ್ದ ಟೊಯ್ವೊ. ಗರಗಸ ಅವನ ಲೆಕ್ಕದಲ್ಲಿರಲಿಲ್ಲ. ಹ್ಯಾಸ್ಕೆಲ್ ಮಾತ್ರ ತನ್ನ ಎಲೆಗಳನ್ನು ನೋಡಲೇ ಇಲ್ಲ; ಬೋಗುಣಿಯನ್ನು ನೋಡಿದ.

"ತೋರ್ಸು."

ಆರ್ವಿಲ್ ಎಲೆ ಹರಡಿದ. ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆ. ಹ್ಯಾಸ್ಕೆಲ್ ಬಳಿ ಇದ್ದದ್ದು ಒಂದು ಜೊತೆ ಗುಲಾಮ, ಅಷ್ಟೇ; ಗೆಲ್ಲಲು ಅದೇ ಸಾಕಾಯಿತು.

"ಬೇರೆ ದಿನ ಆಗಿದ್ರೆ ಎಸೆದು ಎದ್ದು ಹೋಗಿರ್ತಿದ್ದೆ," ಅಂದ ಹ್ಯಾಸ್ಕೆಲ್.

"ಇವತ್ತು ಯಾಕೆ ಎಸೀಲಿಲ್ಲ?"

ಹ್ಯಾಸ್ಕೆಲ್ ಒಂದು ಕಡಲೆಕಾಯಿ ಎತ್ತಿ ಪಟ್ಟೆಂದು ಒಡೆದ. "ಸುಳ್ಳು ಹೇಳ್ದಾಗೆಲ್ಲ ನೀನು ಊರಿಗೇ ಊಟ ಹಾಕ್ತೀಯಂತಲ್ಲೋ!"

ಎಲ್ಲರೂ ನಕ್ಕರು. ಆರ್ವಿಲ್ ನಗಲಿಲ್ಲ. ನಿಧಾನವಾಗಿ ಟೊಯ್ವೊನ ಕಡೆ ತಿರುಗಿದ. ಒಂದು ಭಾನುವಾರ ಆರ್ವಿಲ್‌ನ ಮನೆಯಲ್ಲೇ ಅವನ ಹೆಂಡತಿ ಬಡಿಸಿದ ಸೇಬಿನ ಕಡುಬು ಮೆಲ್ಲುತ್ತ ಟೊಯ್ವೊ ಜಂಬ ಕೊಚ್ಚಿದ್ದ: "ನನ್ ಹತ್ರ ನಿನ್ ಸುಳ್ಳು ನಡೆಯಲ್ಲ ಕಣೋ. ನಿನ್ ಗುರುತು ನಂಗೊಬ್ಬನಿಗೇ ಗೊತ್ತು." ಏನದು ಎಂದು ಆರ್ವಿಲ್ ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. "ಹೇಳಿದ್ರೆ ನೀನು ತಿದ್ಕೋತೀಯ. ಆಮೇಲೆ ನೀನು ನೀನಾಗಿರಲ್ಲ," ಅಂದಿದ್ದ. ಇಬ್ಬರೂ ನಕ್ಕಿದ್ದರು.

"ಮುಖ ಯಾಕೆ ಸಣ್ಣಗೆ ಮಾಡ್ತೀಯ?" ಹ್ಯಾಸ್ಕೆಲ್ ಗರಗಸವನ್ನು ತನ್ನತ್ತ ಎಳೆದುಕೊಂಡ. "ಸೋಮವಾರ ಬಾ. ಇದನ್ನೇ ಬಾಡಿಗೆಗೆ ಕೊಡ್ತೀನಿ. ಬಾಡಿಗೆ ಕೂಲೀಲಿ ಮುರ್ಕೊಳ್ತೀನಿ. ನನ್ ಹತ್ರ ಇರೋ ಗರಗಸ ಎಲ್ಲಾ ಹಾಗೇ ದುಡೀತಿರೋದು."

"ನನ್ ಗರಗಸ ನಂಗೇ ಬಾಡಿಗೆಗಾ?"

"ನಿನ್ನದೆಲ್ಲಿ ಬಂತೋ ಇನ್ನು?"

ಆರ್ವಿಲ್ ಟೋಪಿ ತೆಗೆದುಕೊಂಡು ಎದ್ದ. ಟೊಯ್ವೊ ಕೂಡ ಎದ್ದ. ಮೊಣಕಾಲು ಚುಳ್ ಎಂದಿತು. ಆ ನೋವಾದರೂ ತನ್ನ ಪರವಾಗಿ ಒಂದು ಮಾತು ಹೇಳಬಾರದೇ ಅನ್ನಿಸಿತು.

"ಆರ್ವಿಲ್, ಇಲ್ನೋಡು... ನಾನಲ್ಲ ಕಣೋ. ನಾನ್ಯಾಕೆ ಹೇಳ್ಲಿ? ದೇವರಾಣೆಗೂ ನಾನಲ್ಲ."

ಆರ್ವಿಲ್ ಅವನ ಮುಖ ನೋಡಲಿಲ್ಲ. ಕೆಳಗೆ, ಮೇಜಿನ ಮೇಲೆ ಏನನ್ನೋ ನೋಡುತ್ತಿದ್ದ. ಟೊಯ್ವೊ ತಾನೂ ಅತ್ತ ನೋಡಿದ. ತನ್ನ ಕೈ ತನಗೇ ತಿಳಿಯದೆ ಬೋಗುಣಿಯನ್ನು ಹಿಡಿದು ಆರ್ವಿಲ್‌ನ ಕಡೆಗೆ ಸರಿಸುತ್ತಿತ್ತು.

"ಕೂತ್ಕೋ," ಅಂದ ಟೊಯ್ವೊ. ಕೈಯನ್ನು ಹಿಂದಕ್ಕೆ ತೆಗೆಯಲಾಗಲಿಲ್ಲ. "ಒಂದೆರಡಾದ್ರೂ ತಿನ್ನೋ. ತಿಂದು ಹೋಗು."

ಮೇಜಿನಾಚೆಯಿಂದ ಹ್ಯಾಸ್ಕೆಲ್ ಈಗ ಆ ಕೈಯನ್ನೇ ನೋಡುತ್ತಿದ್ದ.

ಆರ್ವಿಲ್ ಟೋಪಿ ಹಾಕಿಕೊಂಡ.

"ತಿನ್ನಲ್ಲ," ಅಂದ.